ತಂತಿ ಸಡಿಲ

"ಹೋದ ಸಲ ನಂದೇ ತಪ್ಪು ಮೇಡಂ," ಅಂದ ಪೇಂಟರ್, ಅಂಗಿಯ ಗುಂಡಿಯನ್ನು ಎಡಗೈಯಲ್ಲಿ ಬಿಚ್ಚಲು ಹೆಣಗುತ್ತ. "ತುರಿಕೆ ತಡೀಲಾರ್ದೆ ತಂತಿ ಕಿತ್ತುಬಿಟ್ಟೆ. ನಿಮ್ಮ ಕೆಲಸಾನೂ ಕೆಟ್ಟೋಯ್ತು."

ಅವನ ಬಲಗೈ ಮೊಣಕೈವರೆಗೂ ಪ್ಲಾಸ್ಟರಿನಲ್ಲಿತ್ತು. ಹೆಂಡತಿ ಮುಂದೆ ಬಂದು ಅವನ ಬೆರಳು ಸರಿಸಿ, ತಾನೇ ಗುಂಡಿ ಬಿಚ್ಚಿದಳು. "ಕೀಳೋದು ಇವರ ಹುಟ್ಟುಗುಣ. ಮನೇಲಿ ಒಂದು ಸ್ವಿಚ್ಚೂ ಗೋಡೆ ಮೇಲೆ ನೆಟ್ಟಗಿಲ್ಲ. ಒಂದೇ ಒಂದು ದಿನ ಕೈ ಸುಮ್ನಿಟ್ಕೊಂಡಿದ್ರೆ ಡಾಕ್ಟರಿಗೆ ಕಾಯಿಲೆ ಕಾಣ್ತಿತ್ತು, ಏಣಿ ಹತ್ತಬೇಡ ಅಂತಿದ್ರು. ಈಗ ನೋಡಿ. ಬೆರಳು ಪೂರ್ತಿ ಮಡಚಲ್ವಂತೆ. ಬ್ರಷ್ ಹಿಡಿಯೋ ಕೈ."

ಹದ್ದಕ್ಕ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದಳು. ಹದ್ದಕ್ಕ ಅನ್ನೋದು ಆ ಲ್ಯಾಬಿನವರು ಇಟ್ಟ ಹೆಸರು. ಹೃದಯದ ಬಡಿತ ಹುಟ್ಟುವ ಪುಟ್ಟ ಜಾಗ, ಸೈನಸ್ ನೋಡ್, ಕೆಲವರಲ್ಲಿ ಯಾಕೆ ಆಗಾಗ ಸುಮ್ಮನಾಗಿಬಿಡುತ್ತದೆ ಅಂತ ಅಲ್ಲಿ ಐದು ವರ್ಷದಿಂದ ಸಂಶೋಧನೆ ನಡೆದಿತ್ತು. ಎದೆಗೆ ತಂತಿಯಿರುವ ಐದು ಸ್ಟಿಕ್ಕರ್ ಅಂಟಿಸಿ, ಸೊಂಟಕ್ಕೆ ಬಡಿತ ದಾಖಲಿಸುವ ಒಂದು ಡಬ್ಬಿ ಕಟ್ಟಿ ಕಳಿಸುವುದು. ಮಾರನೇ ದಿನ ಡಬ್ಬಿ ಬಿಚ್ಚಿ, ಒಂದು ಲಕ್ಷ ಬಡಿತವನ್ನು ಪರದೆಯ ಮೇಲೆ ಓಡಿಸಿ, ಎಲ್ಲಿ ನಿಂತಿತ್ತು ಅಂತ ಹುಡುಕುವುದು. ಹುಡುಕುವವಳು ಇವಳು. ಮೂರು ಸೆಕೆಂಡು ಮೀರಿ ನಿಂತದ್ದು ಇವಳ ಕಣ್ಣು ತಪ್ಪಿಸಿಕೊಂಡು ಹೋದದ್ದೇ ಇಲ್ಲ ಅಂತ ದೊಡ್ಡ ಡಾಕ್ಟರು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು. ಅವಳೂ ಕೇಳಿಸದವಳ ಹಾಗೆ ನಟಿಸಿ ಕೇಳಿಸಿಕೊಳ್ಳುತ್ತಿದ್ದಳು.

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಅವಳ ಪಾಠ ಆಗುತ್ತಿತ್ತು. "ಪರದೆ ಮೇಲೆ ಬಡಿತದ ಎರಡು ಗೆರೆ ಇರ್ತವೆ. ತಂತಿ ಕಳಚಿದ್ರೆ ಒಂದು ಗೆರೆ ಮಲಗುತ್ತೆ, ಇನ್ನೊಂದು ಕುಣೀತಾ ಇರುತ್ತೆ. ಎರಡೂ ಒಟ್ಟಿಗೆ ಮಲಗಿದ್ರೆ ತಂತಿನ ಬಯ್ಯಬೇಡಿ, ಎದೇನ ಕೇಳಿ." ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಯಾಕೆಂದರೆ ಇವತ್ತು ಬೆಳಿಗ್ಗೆ, ಪೇಂಟರ್ ಮತ್ತೆ ಬರುತ್ತಾನೆ ಅಂತ ಗೊತ್ತಾಗಿ, ಅವಳು ಎರಡು ತಿಂಗಳ ಹಿಂದಿನ ದಾಖಲೆ ತೆಗೆದು ನೋಡಿದ್ದಳು. ಹನ್ನೊಂದು ನಲವತ್ತಕ್ಕೆ ಎರಡೂ ಗೆರೆ ಮಲಗಿದ್ದವು. ನಾಲ್ಕೂ ಮುಕ್ಕಾಲು ಸೆಕೆಂಡು. ಕೆಳಗೆ ಫಾರಂನಲ್ಲಿ ಅವಳದೇ ದುಂಡನೆಯ ಅಕ್ಷರ: ತಂತಿ ಸಡಿಲ. ಆ ದಿನ ಅವಳು ಗೆರೆ ನೋಡುವ ಮೊದಲು ಅವನ ದಿನಚರಿ ಚೀಟಿ ನೋಡಿದ್ದಳು. "11.20. ತುರಿಕೆ. ತಂತಿ ಕಿತ್ತುಬಂತು. ವಾಪಸ್ ಅಂಟಿಸಿದೆ" ಅಂತ ಪಾಪ ಅವನು ಪ್ರಾಮಾಣಿಕವಾಗಿ ಬರೆದಿದ್ದ. ಓಹೋ ಅಂದುಕೊಂಡು, ಮೇಲಿನ ಗೆರೆ ಒಂದನ್ನೇ ನೋಡಿ, ಬರೆದು ಮುಗಿಸಿದ್ದಳು. ಊಟದ ಹೊತ್ತಿಗೆ ಎಂಟು ದಾಖಲೆ ಮುಗಿಸಿದ ದಿನ ಅದು. ಆ ಸಂತೋಷ ಕೂಡ ಅವಳಿಗೆ ನೆನಪಿತ್ತು. ಅವನ ಕೈಗೆ ಸಿಕ್ಕ ವರದಿಯಲ್ಲಿ, ತಂತಿ ಸಡಿಲವಾದ ಹೊತ್ತೊಂದು ಬಿಟ್ಟರೆ ತೊಂದರೆ ಇಲ್ಲ ಅಂತಿತ್ತು. ಮೂರು ವಾರಕ್ಕೆ ಅವನು ಏಣಿಯ ನಾಲ್ಕನೇ ಮೆಟ್ಟಿಲಿನಿಂದ ಬಿದ್ದ.

ಮೊದಲ ಸ್ಟಿಕ್ಕರ್ ಅಂಟಿಸಿದಳು. ಈ ಸಲದ ದಾಖಲೆಯಲ್ಲಿ ಎಲ್ಲಾ ಸಿಕ್ಕಿಬಿಡುತ್ತದೆ, ಅವನಿಗೆ ಪೇಸ್‌ಮೇಕರ್ ಹಾಕುತ್ತಾರೆ, ಹಳೆಯದನ್ನು ಯಾರೂ ತೆಗೆದು ನೋಡುವುದಿಲ್ಲ. ಬೆಳಗಿನಿಂದ ಇದನ್ನೇ ಹತ್ತು ಸಲ ಲೆಕ್ಕ ಹಾಕಿದ್ದಳು. ಎರಡನೆಯದು, ಮೂರನೆಯದು. ಅವನ ಎದೆಯ ಮೇಲೆ ಸುಣ್ಣದ ಒಂದು ಸಣ್ಣ ಚುಕ್ಕೆಯೂ ಇರಲಿಲ್ಲ. ಹೋದ ಸಲ ಕತ್ತಿನ ತನಕ ಇತ್ತು.

"ಈ ಸಲ ನಾನು ರಜ ಹಾಕಿದೀನಿ," ಅಂದಳು ಹೆಂಡತಿ. "ಇಪ್ಪತ್ನಾಕು ಗಂಟೆನೂ ಪಕ್ಕದಲ್ಲೇ ಕೂತಿರ್ತೀನಿ. ಕೈ ಎದೆ ಕಡೆ ಹೋದ್ರೆ ಕಟ್ಟಿಹಾಕ್ತೀನಿ."

"ಇರೋದು ಒಂದು ಕೈ, ಅದನ್ನೂ ಕಟ್ಟು," ಅಂದು ಪೇಂಟರ್ ನಗಲು ನೋಡಿದ. ಆಮೇಲೆ ತಲೆ ತಗ್ಗಿಸಿದ. "ಬಯ್ಯಲಿ ಬಿಡಿ ಮೇಡಂ. ನಾನೂ ಬಿದ್ದಾಗಿಂದ ನನ್ನನ್ನೇ ಬಯ್ಕೊಳ್ತಾ ಇದೀನಿ."

ಹದ್ದಕ್ಕ ನಾಲ್ಕನೆಯದನ್ನು ಅಂಟಿಸಿದಳು. ಐದನೇ ಸ್ಟಿಕ್ಕರನ್ನೂ ಅಂಟಿಸಿ, ಮೇಜಿನ ಖಾನೆಯಿಂದ ಬೆಳಿಗ್ಗೆ ಅಚ್ಚು ತೆಗೆದಿದ್ದ ಹಾಳೆಯನ್ನು ತಂದು ಅವನ ತೊಡೆಯ ಮೇಲಿಟ್ಟಳು. ಅಚ್ಚು ತೆಗೆದದ್ದು ಯಾಕೆ ಅಂತ ಆಗ ಅವಳಿಗೇ ಗೊತ್ತಿರಲಿಲ್ಲ.

"ಇದು ನಿಮ್ಮ ಹೋದ ಸಲದ್ದು. ನೋಡಿ, ಎರಡು ಗೆರೆನೂ ಇಲ್ಲಿ ಮಲಗಿವೆ. ನೀವು ತಂತಿ ಕಿತ್ತಿದ್ದು ಹನ್ನೊಂದು ಇಪ್ಪತ್ತಕ್ಕೆ, ಆಗಲೇ ವಾಪಸ್ ಅಂಟಿಸಿದ್ರಿ. ಸರಿಯಾಗೇ ಅಂಟಿಸಿದ್ರಿ. ಇದು ಅದಾಗಿ ಇಪ್ಪತ್ತು ನಿಮಿಷಕ್ಕೆ. ನಿಂತಿದ್ದು ನಿಮ್ಮ ಹೃದಯ. ತಂತಿ ಅಂತ ಬರೆದಿದ್ದು ನಾನು."

ಪೇಂಟರ್ ಹಾಳೆಯನ್ನು ಒಂದು ಸಲ ನೋಡಿದ, ಅವಳನ್ನು ಒಂದು ಸಲ ನೋಡಿದ. "ಅಂದ್ರೆ, ನಾನು ಕಿತ್ತಿದ್ದಕ್ಕೆ ಆಗಿದ್ದಲ್ಲ?"

"ಅಲ್ಲ."

ಅವನ ಮುಖ ಅರಳಿತು. ಹಾಳೆ ಎತ್ತಿಕೊಂಡು ಹೆಂಡತಿಯ ಕಡೆ ತಿರುಗಿದ. "ಕೇಳಿಸ್ತಾ? ನಾನಲ್ವಂತೆ. ನಾನು ಸರಿಯಾಗೇ ಅಂಟಿಸಿದ್ನಂತೆ." ಮತ್ತೆ ಹದ್ದಕ್ಕನ ಕಡೆ ನೋಡಿ ಅಂದ, "ತುಂಬ ಉಪಕಾರ ಆಯ್ತು ಮೇಡಂ. ಎದೆ ಮೇಲಿಂದ ಒಂದು ಕಲ್ಲು ಇಳಿಸಿದ್ರಿ."

ಅವನು ಬಯ್ದಿದ್ದರೆ ತಲೆ ಬಗ್ಗಿಸಿ ನಿಲ್ಲಬಹುದಿತ್ತು. ಈ ಉಪಕಾರವನ್ನು ಎಲ್ಲಿಟ್ಟುಕೊಳ್ಳುವುದು ಅಂತ ಅವಳಿಗೆ ತಿಳಿಯಲಿಲ್ಲ. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. "ದೊಡ್ಡ ಡಾಕ್ಟರಿಗೆ ಈಗಲೇ ಹೋಗಿ ಹೇಳ್ತೀನಿ," ಅಂದಳು.

ಹೆಂಡತಿ ನಗಲಿಲ್ಲ. ಗಂಡನ ಕೈಯಿಂದ ಹಾಳೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು.

"ಆಗಲೇ ಕಾಣ್ತಿತ್ತಾ ಇದು?"

"ಕಾಣ್ತಿತ್ತು. ನೋಡಿದ್ದಿದ್ರೆ."

ಹೆಂಡತಿ ಹಾಳೆಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ಗಂಡನ ಮುಂದೆ ಬಗ್ಗಿ, ಹದ್ದಕ್ಕ ಅಂಟಿಸಿದ್ದ ಸ್ಟಿಕ್ಕರುಗಳನ್ನು ತನ್ನ ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತಿ ನೋಡಿದಳು. ಐದನ್ನೂ ನೋಡಿದ ಮೇಲೆ, ಮತ್ತೆ ಮೊದಲನೆಯದರಿಂದ ಶುರು ಮಾಡಿದಳು.