ಮನೆಗೆ ಬಂದು ಮಲಗುವ ಕಲ್ಲು

ಗುರುಗುಂಟಾದ ಬಸ್ಸಪ್ಪನಿಗೆ ಒಂದು ಕಣ್ಣು ಮುಚ್ಚಿ ದೂರ ನೋಡುವವರನ್ನು ಕಂಡರೆ ಆಗುತ್ತಿರಲಿಲ್ಲ. ಎರಡೂ ಕಣ್ಣು ಬಿಟ್ಟು ನೋಡುವವನು ಮಳೆ ನೋಡುತ್ತಿರಬಹುದು, ತಪ್ಪಿಸಿಕೊಂಡ ಕುರಿ ಹುಡುಕುತ್ತಿರಬಹುದು. ಒಂದು ಕಣ್ಣು ಮುಚ್ಚಿದ ಎಂದರೆ ಅವನು ನೆಲ ಅಳೆಯುತ್ತಿದ್ದಾನೆ, ಅಷ್ಟೇ.

ಅವನ ಹುಟ್ಟೂರು ಸಿಂಧನೂರು ಕಡೆಯ ಜವಳಗೇರಾ. ಅವನಿನ್ನೂ ಸಣ್ಣವನಿದ್ದಾಗ, ಅಪ್ಪ ಕುರಿ ಬಿಡುತ್ತಿದ್ದ ಬಯಲಿಗೆ ಮೂರು ಕಾಲಿನ ಯಂತ್ರ ಹೊತ್ತ ಮಂದಿ ಬಂದಿದ್ದರು. ಒಂದು ಕಣ್ಣು ಮುಚ್ಚಿ ನೋಡಿದರು, ಅಲ್ಲಲ್ಲಿ ಗೂಟ ಬಡಿದರು. ಏನೆಂದು ಅಪ್ಪ ಕೇಳಿದ್ದಕ್ಕೆ, "ಸುಮ್ನ ನೋಡಾಕತ್ತೀವಪಾ" ಎಂದರು. ಅಪ್ಪ ಅವರಿಗೆಲ್ಲ ಮಜ್ಜಿಗೆ ಕೊಟ್ಟ. ಆಮೇಲೆ ಕಾಲುವೆ ಬಂತು, ಭತ್ತ ಬಂತು, ಊರು ದೊಡ್ಡದಾಯಿತು. ಕುರಿಗೆ ಮಾತ್ರ ಕಾಲಿಡಲು ಜಾಗ ಉಳಿಯಲಿಲ್ಲ. ಅಪ್ಪ ಹಿಂಡು ಹೊಡೆದುಕೊಂಡು ಲಿಂಗಸುಗೂರು ತಾಲೂಕಿನ ಈ ಒಣನೆಲಕ್ಕೆ ಬಂದು ನಿಂತ. ಸಾಯುವ ತನಕ ಅವನಿಗೆ ಕಾಲುವೆಯ ಮೇಲೆ ಸಿಟ್ಟಿರಲಿಲ್ಲ. ತಾನು ಕೊಟ್ಟ ಆ ಮಜ್ಜಿಗೆಯ ಮೇಲಿತ್ತು.

ಹಾಗಾಗಿ, ತೊಗರಿ ರಾಶಿ ಮುಗಿದ ದಿನಗಳಲ್ಲಿ ಒಂದು ಬೆಳಿಗ್ಗೆ ಊರ ಗಾಯರಾಣದಲ್ಲಿ ಒಬ್ಬ ಹೆಣ್ಣುಮಗಳು ಕಬ್ಬಿಣದ ಕೋಲು ಹಿಡಿದು ಒಂದು ಕಣ್ಣು ಮುಚ್ಚಿ ನಿಂತದ್ದನ್ನು ಕಂಡಾಗ, ಬಸ್ಸಪ್ಪ ಹಿಂಡನ್ನು ಅಲ್ಲೇ ತಡೆದ. ಗಾಯರಾಣವೆಂದರೆ ಊರೊಟ್ಟಿನ ಮೇವಿನ ನೆಲ. ಅವನ ಹಿಂಡಿಗೆ ಉಳಿದಿದ್ದದ್ದು ಅದೊಂದೇ. ನಡುವೆ ನೀರಿನ ಒಂದು ಕುಂಟೆ, ಬೇಸಿಗೆಯಲ್ಲೂ ಪೂರ್ತಿ ಬತ್ತುತ್ತಿರಲಿಲ್ಲ. ಅದು ಹೋದರೆ ಕುರಿ ಮಾರುವುದೊಂದೇ ದಾರಿ.

ಅವನು ಜಾಲಿಯ ಮರೆಯಲ್ಲಿ ಕೂತು ನೋಡಿದ. ಹುಡುಗಿ ಕೋಲನ್ನು ಮುಖದ ಮುಂದೆ ನೆಟ್ಟಗೆ ಇಳಿಬಿಟ್ಟು, ದೂರದ ಬೇವಿನ ಮರ ನೋಡಿದಳು. ಆಮೇಲೆ ಬದಿಗೆ ಬಂದು ಗಾಳಿಯಲ್ಲಿ ಕೋಲು ಬೀಸಿದಳು. ಅಂಗೈಯನ್ನು ತೊಡೆಗೆ ಒರೆಸಿದಳು. ಉಸಿರು ಬಿಟ್ಟಳು. ಮತ್ತೆ ಕೋಲು ಬೀಸಿದಳು, ಟಪ್ ಎಂದು ಸಣ್ಣ ಸದ್ದು. ಹೋದದ್ದೇನು ಬಂದದ್ದೇನು ಬಸ್ಸಪ್ಪನ ಕಣ್ಣಿಗೆ ಕಾಣಲಿಲ್ಲ. ಮತ್ತೆ ಹಿಂದೆ ಹೋಗಿ ನಿಂತಳು. ಮತ್ತೆ ಕೋಲು, ಕಣ್ಣು, ಬೇವಿನ ಮರ, ತೊಡೆ, ಉಸಿರು. ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲ. ಸೋಮಾರಿಯ ಆಟ ಹೀಗಿರುವುದಿಲ್ಲ. ಯಾರೋ ಹೇಳಿಕೊಟ್ಟು ಕಳಿಸಿದವರೇ ಹೀಗೆ ಮಾಡುವುದು.

ಅವಳ ಸ್ಕೂಟಿ ಲಿಂಗಸುಗೂರಿನ ದಾರಿ ಹಿಡಿದ ಮೇಲೆ ಬಸ್ಸಪ್ಪ ಆ ಜಾಗಕ್ಕೆ ಹೋದ. ನೆಲದಲ್ಲಿ ಬೆರಳುದ್ದದ ಕಟ್ಟಿಗೆಯ ಗೂಟಗಳು ನಾಟಿದ್ದವು. ಅವುಗಳ ಮುಂದೆ, ಬೇವಿನ ಮರದ ನೇರಕ್ಕೆ, ಸುಣ್ಣ ಬಳಿದ ಒಂದು ಕಲ್ಲು.

"ಹದ್ದಿನ ಕಲ್ಲು, ಗಡಿ ಹಾಕ್ಯಾರ" ಎಂದುಕೊಂಡ. ಒಂದು ಗೂಟ ಕಿತ್ತು ಅಡಿಕೆಯ ಚೀಲಕ್ಕೆ ಹಾಕಿಕೊಂಡ.

ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯ ಮಕ್ತುಮ್‌ಸಾಬನಿಗೆ ಗೊತ್ತಿಲ್ಲದ ಸುದ್ದಿ ಇರಲಿಲ್ಲ. ಗೊತ್ತಿಲ್ಲದ್ದನ್ನು ಅವನು ತಾನೇ ಹುಟ್ಟಿಸುತ್ತಿದ್ದ.

"ಆಕಿ ಪಂಪಾವತಿ ಅಂತ ಬಸ್ಸಣ್ಣ. ನಮ್ಮ ಹೈಸ್ಕೂಲಿಗೆ ಹೊಸದಾಗಿ ಬಂದಿರೋ ಆಟದ ಟೀಚರ್. ಮಸ್ಕಿಯಾಕಿ. ಲಿಂಗಸುಗೂರಾಗ ರೂಮ್ ಮಾಡ್ಯಾಳ. ಅಪ್ಪ ಆಫೀಸಿನಾಗ ನೌಕರಿ ಮಾಡ್ಯಾನಂತ."

"ಯಾವ ಆಫೀಸು?"

"ಯಾವ್ದೋ ಸರ್ಕಾರಿ ಆಫೀಸು. ಯಾಕ?"

ಬಸ್ಸಪ್ಪ ಗೂಟ ತೆಗೆದು ತೋರಿಸಿದ. ಮಕ್ತುಮ್‌ಸಾಬ್ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದ.

"ಸೋಲಾರ್" ಎಂದ, ದನಿ ಇಳಿಸಿ. "ಕಂಪನ್ಯಾಗಿನವರು ಮೊದಲ ಗಂಡಸ್ರನ್ನ ಕಳಿಸ್ತಿದ್ರು. ಮಂದಿ ಬಡಿಯಾಕ ಹೋಕ್ಕಾರಂತ ಈಗ ಹೆಣ್ಮಕ್ಕಳನ್ನ ಕಳಿಸಾಕತ್ತಾರ. ರಸ್ತೆ ಕಡಿಂದ ಹಿಡದು ಕುಂಟಿ ತನಕ ತಗಂತಾರ ನೋಡು."

"ನಿನಗ ಯಾರ್ ಹೇಳಿದ್ರು?"

"ಯಾಕ ಹೇಳಬೇಕು? ನನಗ ತಿಳಿಯಂಗಿಲ್ಲೇನು?"

ಮನೆಯಲ್ಲಿ ಹೆಂಡತಿ ಗಾಳೆಮ್ಮ ರೊಟ್ಟಿ ಬಡಿಯುತ್ತ ಎಲ್ಲ ಕೇಳಿಸಿಕೊಂಡಳು. "ಹುಡುಗಿ ಏನೋ ಆಟ ಆಡಾಕತ್ತೈತಿ, ಆಡ್ಲಿ ಬಿಡು. ನನ್ನ ಮದಿವಿ ಮಾಡಿಕೊಂಡು ಬಂದಾಗೂ ನಿನಗ ಹಿಂಗ ಇತ್ತು. ನಮ್ಮಪ್ಪ ಎರಡು ಕುರಿ ಹೆಚ್ಚು ಕೊಟ್ಟ ಅಂತ, ಹುಡುಗೀಗೆ ಏನೋ ಐಬು ಐತಿ ಅಂತ ವರ್ಷಗಟ್ಟಲೆ ನೋಡಿದಿ."

"ಇನ್ನೂ ನೋಡಾಕತ್ತೀನಿ."

"ನೋಡು, ನೋಡು. ಸಿಕ್ರ ನನಗೂ ಹೇಳು."

ಮರುದಿನ ಬಸ್ಸಪ್ಪ ಅವಳ ಹತ್ತಿರವೇ ಹೋದ. ಕಂಬಳಿ ಹೆಗಲಿಗೆ, ಕೈಯಲ್ಲಿ ಕೋಲು. ಅವಳ ಕೈಯಲ್ಲೂ ಕೋಲು.

"ಏನ್ ಮಾಡಾಕತ್ತೀಯವ್ವ?"

"ಆಟ ತಾತ. ಗಾಲ್ಫ್ ಅಂತಾರ. ಓದೋ ಮುಂದ ಕಲ್ತಿದ್ದೆ. ಮೈಸೂರಾಗ ಪಂದ್ಯ ಐತಿ, ಅದಕ್ಕ ರೂಢಿ ಮಾಡಾಕತ್ತೀನಿ."

"ಆಟ ಅಂದ್ರ ಆಡಬೇಕಲ್ಲ. ನೀ ಬರೇ ನೋಡ್ತಿ."

ಪಂಪಾವತಿ ನಕ್ಕಳು. "ಹೊಡಿಯೋದು ನನಗ ಬರ್ತೈತಿ ತಾತ. ಹೊಡಿಯೋಕ್ಕಿಂತ ಮೊದಲ ಏನ್ ಮಾಡ್ತೀನಲ್ಲ, ಅದು ದಿನಾ ಒಂದೊಂದು ತರ ಆಗ್ತಿತ್ತು. ಮಂದಿ ನಿಂತು ನೋಡಿದ್ರ ಅವಸರ ಮಾಡ್ತಿದ್ದೆ, ಎದಿ ಹೊಡಕಂತಿತ್ತು, ಕೈ ತಪ್ತಿತ್ತು. ಹೋದ ಸಲ ಹಂಗ ಸೋತು ಬಂದೆ. ಅದಕ್ಕ ನಮ್ಮ ಸರ್ ಹೇಳ್ಯಾರ: ನಿಲ್ಲೋದು, ನೋಡೋದು, ಉಸಿರು ಬಿಡೋದು, ಎಲ್ಲಾ ಒಂದ ತರ ಇರಬೇಕು. ಅದು ಮೈಗೆ ಹತ್ತಿದ್ರ ಕೈ ತಾನ ಹೋಗ್ತೈತಿ ಅಂತ."

"ಮತ್ತ ಆ ಗೂಟ, ಆ ಕಲ್ಲು?"

"ಗೂಟದ ಮ್ಯಾಲ ಚೆಂಡಿಡ್ತೀನಿ. ಬೇವಿನ ಗಿಡ ದೂರ ಐತಲ್ಲ, ಕಣ್ಣು ಹೊಯ್ದಾಡ್ತೈತಿ. ಅದರ ನೇರಕ್ಕ ಹತ್ತಿರ ಒಂದು ಕಲ್ಲಿಟ್ರ, ಕಲ್ಲಿಗೆ ಹೊಂದಿಸಿ ನಿಲ್ತೀನಿ. ಅಷ್ಟ."

"ಸುಮ್ನ ನೋಡಾಕತ್ತೀನಿ ಅಂತಿ ಹಂಗಾರ."

"ಹೂಂ, ಹಂಗ ಅನಕೋರಿ."

ಅವಳು ಹಾಗೆ ಅನ್ನಬಾರದಿತ್ತು. ಬಸ್ಸಪ್ಪನಿಗೆ ಅಪ್ಪನ ಮಜ್ಜಿಗೆಯ ತಂಬಿಗೆ ಕಣ್ಣಿಗೆ ಕಟ್ಟಿತು. ಹೊಡೆಯಲು ಬಂದವಳು ಹೊಡೆಯುವುದು ಒಂದು ಗಳಿಗೆ, ನೋಡುವುದು ಹತ್ತು ಗಳಿಗೆ. ಇದು ಯಾವ ಸೀಮೆಯ ಆಟ? ಅವಳ ನಗೆ ಚಂದವಿತ್ತು. ಅದೂ ಅವನಿಗೆ ಸಂಶಯವೇ ಆಯಿತು.

ಕಲ್ಲಿನ ವಿಷಯದಲ್ಲಿ ಹೊಲದ ಮಂದಿಗೆ ಒಂದು ಹಳೆಯ ವಿದ್ಯೆ ಗೊತ್ತು. ಹದ್ದಿನ ಕಲ್ಲನ್ನು ಯಾರೂ ಒಂದೇ ಸಲಕ್ಕೆ ಕಿತ್ತು ಒಗೆಯುವುದಿಲ್ಲ. ಒಗೆದರೆ ಪಂಚಾಯಿತಿ, ಪೊಲೀಸು. ಉಳುವಾಗ ಒಂದಿಷ್ಟು, ಹರಗುವಾಗ ಒಂದಿಷ್ಟು, ಬೆರಳು ಬೆರಳು ಜರುಗಿಸುತ್ತಾರೆ. ಕಲ್ಲು ಅಲ್ಲೇ ಇದ್ದಂತೆ ಕಾಣಬೇಕು, ನೆಲ ಇತ್ತ ಬರಬೇಕು. ಬಸ್ಸಪ್ಪ ಜನ್ಮದಲ್ಲಿ ಸ್ವಂತ ಹೊಲ ಕಂಡವನಲ್ಲ, ಆದರೆ ಅಕ್ಕಪಕ್ಕದ ಹೊಲದವರು ಮಾಡಿದ್ದನ್ನು ಕುರಿ ಕಾಯುತ್ತ ಎಷ್ಟೋ ವರ್ಷ ನೋಡಿದ್ದ.

ಗೂಟದಿಂದ ಕಲ್ಲಿಗೆ ಹಾಯುವ ಗೆರೆಯ ಬಲಗಡೆ ರಸ್ತೆ. ಕಂಪನಿಗೆ ಬೇಕಾದದ್ದು ಆ ಕಡೆ. ಕುಂಟೆಯೂ ಆ ಕಡೆಗೇ ಸಿಗುತ್ತಿತ್ತು. ಕಲ್ಲನ್ನು ಬಲಕ್ಕೆ ಜರುಗಿಸುತ್ತ ಹೋದರೆ ಗೆರೆ ಕುಂಟೆಯನ್ನು ದಾಟಿ ಆಚೆ ಹೋಗುತ್ತದೆ, ಕುಂಟೆ ಊರಿಗೆ ಉಳಿಯುತ್ತದೆ. ಅವತ್ತು ಸಂಜೆ ಹಿಂಡು ಹೊಡೆದುಕೊಂಡು ಬರುವಾಗ ಅವನು ಕಲ್ಲಿನ ಹತ್ತಿರ ಕೂತ. ಚಪ್ಪಲಿಯ ಮುಳ್ಳು ತೆಗೆಯುವವನಂತೆ ಬಗ್ಗಿ, ಒಂದು ಬೆರಳು ಸರಿಸಿದ. ಹಳೆಯ ಗುಳಿಗೆ ಮಣ್ಣು ತುಂಬಿ ಕಾಲಲ್ಲಿ ಒತ್ತಿದ. ಗೂಟಗಳನ್ನು ಕಿತ್ತು ಅಡಿಕೆಯ ಚೀಲಕ್ಕೆ ಹಾಕಿಕೊಂಡ. ಮರುದಿನವೂ ಹಾಗೆಯೇ. ಅದರ ಮರುದಿನವೂ.

ಕೆಲವು ದಿನಗಳಲ್ಲಿ ಹುಡುಗಿಯ ನಗೆ ಹೋಯಿತು. ಬೀಸುವ ಮೊದಲು ನಿಲ್ಲುತ್ತಿದ್ದಳು, ಹಿಂದೆ ಬರುತ್ತಿದ್ದಳು, ಮತ್ತೆ ಕಣ್ಣು ಮುಚ್ಚುತ್ತಿದ್ದಳು. ಹೊಡೆದ ಮೇಲೆ ಬೇವಿನ ಮರದ ಕಡೆ ಹೋಗದೆ ರಸ್ತೆಯ ಕಡೆಯ ಕಂಟಿಗಳಲ್ಲಿ ಏನನ್ನೋ ಹುಡುಕುತ್ತಿದ್ದಳು. ಬಸ್ಸಪ್ಪ ಜಾಲಿಯ ಮರೆಯಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡು ನೋಡಿದ. ಅಳತೆ ಕೆಟ್ಟಿದೆ, ಅದಕ್ಕೇ ಈ ಒದ್ದಾಟ.

ಒಂದು ದಿನ ಅವಳು ಫೋನಿನಲ್ಲಿ ಮಾತಾಡುವುದು ಗಾಳಿಗೆ ಕೇಳಿಸಿತು.

"ಗೆರಿ ತಪ್ಪಾಕತ್ತೈತಿ ಸರ್... ಇಲ್ರೀ, ಎಲ್ಲಾ ನೀವು ಹೇಳಿದಂಗ ಮಾಡಾಕತ್ತೀನಿ... ಇನ್ನೊಂದು ವಾರ ನೋಡ್ತೀನಿ. ಆಗಲಿಲ್ಲಂದ್ರ ನನ್ನ ಹೆಸರು ತಗದುಬಿಡ್ರಿ."

ಬಸ್ಸಪ್ಪ ಎದ್ದು ಹಿಂಡಿನ ಕಡೆ ನಡೆದ. ಹೆಸರು ತೆಗೆಯುತ್ತಾರಂತೆ. ಅಂದರೆ ಇವಳನ್ನು ಬಿಡಿಸಿ ಬೇರೆಯವರನ್ನು ಕಳಿಸುತ್ತಾರೆ. ಅವರು ಬರುವಷ್ಟರಲ್ಲಿ ಗೆರೆ ಕುಂಟೆ ದಾಟಿರಬೇಕು. ಅವತ್ತು ಸಂಜೆ ಅವನು ಬೆರಳಿನ ಲೆಕ್ಕ ಬಿಟ್ಟು ಒಂದು ಗೇಣು ಸರಿಸಿದ.

ಮರುದಿನ ಬಿಸಿಲೇರುವ ಮೊದಲೇ ಹಿಂಡನ್ನು ಕುಂಟೆಗೆ ಇಳಿಸಿದ್ದ. ಕುರಿಗಳು ಸಾಲಾಗಿ ಬಗ್ಗಿ ನೀರು ಕುಡಿಯುತ್ತಿದ್ದವು. ಮುಂದೆ ಕರಿಟಗರು, ಅದು ನಡೆದ ಕಡೆ ಹಿಂಡು ನಡೆಯುತ್ತಿತ್ತು. ದೂರದಲ್ಲಿ ಟಪ್ ಎಂದಿತು. ಯಾರೋ ಶಿಳ್ಳೆ ಹಾಕಿದಂತೆ ಗಾಳಿ ಸೀಳಿತು. ಟಗರು ಒಮ್ಮೆಲೆ ಮುಂಗಾಲು ಮಡಚಿ ನೀರಿಗೆ ಕುಸಿಯಿತು. ಹಿಂಡು ಚದುರಿತು.

ಬಸ್ಸಪ್ಪ ಪಂಚೆ ನೆನೆಯುವುದನ್ನೂ ನೋಡದೆ ನೀರಿಗಿಳಿದು ಟಗರನ್ನು ಎತ್ತಿ ದಡಕ್ಕೆ ತಂದ. ಕಾಲು ಮುರಿದಿರಲಿಲ್ಲ, ಬಾವು ಬರುತ್ತಿತ್ತು. ಕೆಸರಿನಲ್ಲಿ ಬಿಳಿಯದೊಂದು ಕಂಡಿತು. ಕೈಗೆ ತೆಗೆದುಕೊಂಡ. ನಿಂಬೆಹಣ್ಣಿನಷ್ಟು ಚೆಂಡು, ಕಲ್ಲಿನಷ್ಟು ಗಟ್ಟಿ, ಮೈಯೆಲ್ಲ ಸಿಡುಬಿನ ಕಲೆ.

ಅವನು ಚೆಂಡನ್ನು ನೋಡಿದ. ಸುಣ್ಣದ ಕಲ್ಲಿನ ಕಡೆ ನೋಡಿದ. ಬೇವಿನ ಮರ ಎಲ್ಲೋ ಬದಿಗೆ ಉಳಿದಿತ್ತು. ಕಲ್ಲು ನೇರವಾಗಿ ಅವನನ್ನೇ ನೋಡುತ್ತಿತ್ತು.

ಪಂಪಾವತಿ ಓಡಿ ಬಂದಳು. ಉಸಿರು ಸಿಗುತ್ತಿರಲಿಲ್ಲ. "ತಾತ, ತಪ್ಪಾತು ತಾತ. ಕುರಿಗೆ ಬಡೀತೇನ್ರಿ? ಮುರೀತೇನ್ರಿ? ಲಿಂಗಸುಗೂರಿಗೆ ಡಾಕ್ಟ್ರ ಕಡೆ ಒಯ್ಯೂಣ, ಆಟೋ ಕರಸ್ತೀನಿ." ಕೂತು ಟಗರಿನ ತಲೆ ಹಿಡಿದಳು. "ನನ್ನ ಕೈಯಾಗ ಏನೋ ಸೇರಿಕೊಂಡೈತಿ. ಇನ್ನ ಈ ಕಡೆ ಬರಂಗಿಲ್ಲ. ಈ ಕೋಲ ಮುಟ್ಟಂಗಿಲ್ಲ."

ಬಸ್ಸಪ್ಪನಿಗೆ ಬೇಕಿದ್ದದ್ದು ಅದೇ ಮಾತು. ಒಂದು ಹೂಂ ಅಂದಿದ್ದರೆ ಸಾಕಿತ್ತು. ಅವನು ಚೆಂಡನ್ನು ಅವಳ ಕೈಗಿಟ್ಟ.

"ಹೋಗಿ ನಿನ್ನ ಜಾಗದಾಗ ನಿಂದ್ರು" ಎಂದ. "ದಿನಾ ಹೆಂಗ ಮಾಡ್ತಿ ಹಂಗ ನೋಡು. ಹೊಡೀಬ್ಯಾಡ. ಬರೇ ನೋಡು."

ಅವಳಿಗೆ ಅರ್ಥವಾಗಲಿಲ್ಲ, ಆದರೂ ಹೋದಳು. ಹಿಂದೆ ನಿಂತಳು, ಕೋಲು ಇಳಿಬಿಟ್ಟಳು, ಕಣ್ಣು ಮುಚ್ಚಿದಳು. ಒಮ್ಮೆ ಮರ ನೋಡಿದಳು, ಒಮ್ಮೆ ಕಲ್ಲು ನೋಡಿದಳು. ಆಮೇಲೆ ಕಲ್ಲಿನ ಹತ್ತಿರ ಹೋಗಿ ಕೂತು ನೆಲ ಮುಟ್ಟಿದಳು. ಎಡಗಡೆ ಹಸಿಮಣ್ಣು ತುಂಬಿ ಒತ್ತಿದ ಗುಳಿ. ಅದರಾಚೆ ಸ್ವಲ್ಪ ಒಣಗಿದ್ದು, ಅದರಾಚೆ ಇನ್ನೂ ಒಣಗಿದ್ದು. ಎಲ್ಲದರ ಮೇಲೂ ಒಂದೇ ಚಪ್ಪಲಿಯ ಗುರುತು.

ಟಗರನ್ನು ಎತ್ತಿಕೊಂಡು ಹತ್ತಿರ ಬಂದಿದ್ದ ಬಸ್ಸಪ್ಪನ ಕಾಲನ್ನು ಅವಳು ನೋಡಿದಳು. ಈಗ ಸಂಶಯ ಅವಳ ಮುಖಕ್ಕೆ ಹೋಗಿತ್ತು.

"ಕಲ್ಲಿಗೆ ಕಾಲು ಬಂದಿದ್ವೇನು ತಾತ?"

"ನಿನ್ನ ಹಿಂದ ಯಾವ ಕಂಪನಿ ಐತಿ, ಅದನ್ನ ಹೇಳು ಮೊದಲ."

"ಕಂಪನಿ?" ಅವಳು ಎದ್ದು ನಿಂತಳು. "ನಾ ಇಷ್ಟು ದಿನ ನನ್ನ ಕಣ್ಣು ಕೆಟ್ಟೈತಿ ಅನ್ಕೊಂಡಿದ್ದೆ. ಕಣ್ಣು ಗಿಡ ಅಲ್ಲೈತಿ ಅಂತಿತ್ತು, ಕಲ್ಲು ಇಲ್ಲೈತಿ ಅಂತಿತ್ತು. ಕಲ್ಲು ಯಾಕ ಸುಳ್ಳು ಹೇಳ್ತೈತಿ ಅಂತ ಕಲ್ಲನ್ನ ನಂಬಿದೆ. ಹೆಸರು ತಗಸಾಕ ಹೊಂಟಿದ್ದೆ. ಯಾಕ ಮಾಡಿದ್ರಿ ತಾತ?"

"ನೆಲಕ್ಕ ಗೂಟ ಹೊಡದವರು ಯಾರೂ ಅದನ್ನ ಕಿತ್ತಗೊಂಡು ಹೋಗಿದ್ದು ನಾ ನೋಡಿಲ್ಲ" ಎಂದ ಬಸ್ಸಪ್ಪ. ಜವಳಗೇರಾದ ಬಯಲಿನ ಕಥೆ ಹೇಳಿದ. ಮಜ್ಜಿಗೆಯದನ್ನೂ ಹೇಳಿದ. ಅವಳು ನಗಲಿಲ್ಲ. ಟಗರಿನ ಕಾಲನ್ನು ತನ್ನ ದುಪಟ್ಟದಿಂದ ಕಟ್ಟುತ್ತ ಕೇಳಿದಳು.

"ನನ್ನ ಹತ್ತಿರ ಯಾವ ಕಂಪನೀನೂ ಇಲ್ಲ. ಹೆಂಗ ನಂಬಸ್ಲಿ?"

"ನಂಬಸಬ್ಯಾಡ. ನೀ ಆಡು. ಹೋಗೋ ಮುಂದ ಗೂಟ ಎಲ್ಲಾ ಕಿತ್ತು ನನ್ನ ಕೈಗೆ ಕೊಡು. ಕಲ್ಲು ನನ್ನ ಮನ್ಯಾಗ ಇರ್ತೈತಿ, ಮುಂಜಾನೆ ನಾನ ತರ್ತೀನಿ. ರಾತ್ರಿ ಈ ನೆಲದಾಗ ಯಾವ ಗುರ್ತೂ ಇರಬಾರದು. ಗುರ್ತು ಇತ್ತಂದ್ರ ನಾಳೆ ಯಾವನಾರ ಬಂದು, ಇದು ಹಳೇ ಹದ್ದು ಅಂತಾನ."

ಹಾಗೆಯೇ ಆಯಿತು. ಸುಣ್ಣದ ಕಲ್ಲು ರಾತ್ರಿ ಬಸ್ಸಪ್ಪನ ಮಂಚದ ಕೆಳಗೆ ಮಲಗುತ್ತಿತ್ತು. ಬೆಳಿಗ್ಗೆ ಕಂಬಳಿಯಲ್ಲಿ ಸುತ್ತಿ ಹೊತ್ತೊಯ್ಯುತ್ತಿದ್ದ. "ಕೂಸಿಗೆ ಹಾಲು ಕುಡಿಸಿದೇನು?" ಎಂದು ಗಾಳೆಮ್ಮ ಬಾಗಿಲಲ್ಲಿ ಕೇಳುತ್ತಿದ್ದಳು. ಹುಡುಗಿ ದಿನವೂ ಹೊಸದಾಗಿ ನೇರ ಹುಡುಕಿ ಕಲ್ಲು ಇಡಬೇಕಾಗುತ್ತಿತ್ತು. ಮೊದಲು ಅದಕ್ಕೆ ಬೇಸರಪಟ್ಟಳು, ಆಮೇಲೆ ಅದೂ ಅವಳ ರೂಢಿಯೊಳಗೆ ಸೇರಿಹೋಯಿತು. ಅವಳು ಹಿಂದೆ ನಿಲ್ಲುತ್ತಿದ್ದಳು, ಕಣ್ಣು ಮುಚ್ಚುತ್ತಿದ್ದಳು. ಒಮ್ಮೆ ತಿರುಗಿ ಹಿಂಡು ಎಲ್ಲಿದೆ ಎಂದು ನೋಡುತ್ತಿದ್ದಳು. ಬಸ್ಸಪ್ಪ ಕೋಲೆತ್ತಿದ ಮೇಲೆ ಅಂಗೈ ಒರೆಸಿ, ಉಸಿರು ಬಿಟ್ಟು, ಬೀಸುತ್ತಿದ್ದಳು.

ಅವಳು ಹೋದ ಮೇಲೆ ಬಸ್ಸಪ್ಪನದು ಶುರುವಾಗುತ್ತಿತ್ತು. ಗೂಟ ಕಿತ್ತ ಜಾಗವನ್ನು ಕಾಲಿಂದ ಸವರುವುದು, ಕಂಟಿಯ ಬುಡ ನೋಡುವುದು, ಕೊನೆಗೆ ಒಂದು ಕಣ್ಣು ಮುಚ್ಚಿ ರಸ್ತೆಯಿಂದ ಕುಂಟೆಯ ತನಕ ನೋಡುವುದು.

ಮೈಸೂರಿನಿಂದ ಬಂದ ಮರುದಿನ ಪಂಪಾವತಿ ನೇರ ಗಾಯರಾಣಕ್ಕೆ ಬಂದಳು. ಮುಖ ಅರಳಿತ್ತು. ಪೇಡೆಯ ಪೆಟ್ಟಿಗೆ ಮುಂದೆ ಹಿಡಿದಳು.

"ಎರಡನೇದಾಕಿ ಬಂದೆ ತಾತ! ಮಂದಿ ನೆರೆದಿತ್ತು, ಎದಿ ಹೊಡಕಣಲಿಲ್ಲ. ಹೊಡಿಯೋ ಮುಂದ ಒಂದ್ಸಲ ತಿರುಗಿ ನಿಮ್ಮ ಕುರಿ ಎಲ್ಲಿ ಅದಾವಂತ ನೋಡಿದೆ. ಅವ್ರೆಲ್ಲಾ ನಕ್ರು."

ಬಸ್ಸಪ್ಪ ಪೇಡೆ ತೆಗೆದುಕೊಂಡು ಅರ್ಧ ಮುರಿದು ಕರಿಟಗರಿಗೆ ಕೊಟ್ಟ. ಉಳಿದರ್ಧ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ.

"ಅದಿರಲಿ" ಎಂದ. "ಅಲ್ಲಿ ಗೂಟ ಎಲ್ಲಾ ಕಿತ್ತು ಬಂದಿ ಇಲ್ಲ?"