ಅಡುಗೆಮನೆಯಲ್ಲಿ ಜಿಯುಜಿಯಾಂಗ್

ರಾತ್ರಿ ತುಂಬ ಹೊತ್ತಾದ ಮೇಲೆ ಕೆಳಗಿನ ಅಡುಗೆಮನೆಯಿಂದ ‘ಟಿಣ್’ ಎಂದು ಸಣ್ಣ ಸದ್ದು ಕೇಳಿಸಿತು. ಸ್ಟೀಲ್ ಲೋಟಕ್ಕೆ ಸೌಟು ತಾಗಿದ ಸದ್ದು. ಕಳ್ಳರು ಸೌಟು ಮುಟ್ಟುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಗ್ಯಾಸ್, ಹಿಂಬಾಗಿಲ ಚಿಲಕ, ಕಿಟಕಿ ಎಲ್ಲವನ್ನೂ ಮನಸ್ಸಿನಲ್ಲೇ ಒಂದು ಸುತ್ತು ನೋಡಿಕೊಂಡು ಬಂದೆ. ಟಾವೋ ಅವರಿಗೆ ನಿದ್ದೆ ಬಂದಿರಲಿಕ್ಕಿಲ್ಲ, ನೀನು ಮಲಗು ಎಂದು ನನ್ನ ಗಂಡ ಶ್ರೀಕಾಂತ್ ಮಗ್ಗುಲು ಬದಲಿಸಿದರು.

ಟಾವೋ ನಮಗೆ ಬೀಗರಾಗಬೇಕಾದವರು. ಆಗುತ್ತಾರೋ ಇಲ್ಲವೋ ಎಂಬುದೇ ಆ ವಾರದ ನನ್ನ ಚಿಂತೆ. ನನ್ನ ತಂಗಿ ನವ್ಯಶ್ರೀ, ಲಂಡನ್ನಿನ ಕ್ಯಾನರಿ ವಾರ್ಫ್‌ನಲ್ಲಿ ತನ್ನ ಜೊತೆ ಕೆಲಸ ಮಾಡುವ ಮಿಂಗ್‌ನನ್ನು ಮದುವೆಯಾಗುತ್ತೇನೆ ಎಂದಿದ್ದಳು. ಅಪ್ಪ ಬೇಡ ಎಂದಿರಲಿಲ್ಲ. ಮನೆ ನೋಡದೆ ಹೆಣ್ಣು ಕೊಡುವ ಕ್ರಮ ನಮ್ಮಲ್ಲಿಲ್ಲ ಎಂದಿದ್ದರು, ಅಷ್ಟೆ. ನನ್ನ ಮದುವೆಗೆ ಮೊದಲು ಶ್ರೀಕಾಂತರ ಮನೆಗೆ ಹೋಗಿ, ಬಾವಿಯಿಂದ ನೀರು ಸೇದಿ ಕುಡಿದು, ಆಮೇಲೆ ಮಾತಿಗೆ ಕೂತವರು ಅವರು. ಗಂಗೊಳ್ಳಿಯಿಂದ ಲಂಡನ್‌ಗೆ ಬಂದದ್ದೇ ಅವರ ಮೊಣಕಾಲಿಗೆ ಸಾಕಾಗಿತ್ತು. ಚೀನಾಕ್ಕೆ ಹೋಗುವ ಮಾತೇ ಇರಲಿಲ್ಲ. ಮಿಂಗ್‌ನ ಅಪ್ಪ ಟಾವೋ ಅವರೇ ಇಲ್ಲಿಗೆ ಬಂದು, ಮಗನದು ಒಂದೇ ಕೋಣೆಯ ಫ್ಲಾಟ್ ಆದ್ದರಿಂದ ಕ್ವೀನ್ಸ್‌ಬರಿಯ ನಮ್ಮ ಮನೆಯಲ್ಲಿ ಉಳಿದಿದ್ದರು. ಭಾನುವಾರ ಎಲ್ಲರೂ ಕೂತು ಮಾತಾಡುವುದೆಂದಿತ್ತು.

ಶನಿವಾರ ಬೆಳಿಗ್ಗೆ, ಶ್ರೀಕಾಂತ್ ಹೋಟೆಲಿನ ಕೆಲಸಕ್ಕೆ ಹೊರಟ ಮೇಲೆ ಅಡುಗೆಮನೆಗೆ ಬಂದರೆ ನನ್ನ ಊಟದ ಮೇಜಿನ ಮೇಲೆ ಒಂದು ಊರೇ ಇತ್ತು, ಟಾವೋ ಅವರ ಜಿಯುಜಿಯಾಂಗ್. ಉದ್ದಕ್ಕೆ ಹಾಸಿದ ನೀಲಿ ಟವೆಲ್ ಯಾಂಗ್ಟ್ಸೆ ನದಿ. ಅದರ ಪಕ್ಕದ ಇಡ್ಲಿ ಹಿಟ್ಟಿನ ಬೋಗುಣಿ ಪೋಯಾಂಗ್ ಸರೋವರ. ದಕ್ಷಿಣಕ್ಕೆ ಕುಕ್ಕರ್, ಅದು ಮೋಡ ಮುಸುಕಿದ ಲೂಶಾನ್ ಬೆಟ್ಟ. ಟವೆಲಿಗೆ ಅಡ್ಡವಾಗಿ ಇಟ್ಟ ಸೌಟು ಸೇತುವೆ, ದಂಡೆಯುದ್ದಕ್ಕೂ ಜೋಡಿಸಿದ ಚಮಚಗಳು ಒಡ್ಡು. ಒಡ್ಡಿನ ಹಿಂದೆ ಒಂದು ಏಲಕ್ಕಿ, ಅದು ಟಾವೋ ಅವರ ಮನೆ. ನದಿಯಲ್ಲಿ ಗೋಡಂಬಿಗಳು ತೇಲುತ್ತಿದ್ದವು, ಅವು ಹಡಗುಗಳು.

ಟಾವೋ ಒಂದು ಕುರ್ಚಿಯಲ್ಲಿ, ಅಪ್ಪ ಎದುರಿನದರಲ್ಲಿ. ಟಾವೋ ತಮ್ಮ ಭಾಷೆಯಲ್ಲಿ ಹೇಳಿದ್ದನ್ನು ಫೋನ್ ಇಂಗ್ಲಿಷಿಗೆ ತರುತ್ತಿತ್ತು. ಅದನ್ನು ಕನ್ನಡಕ್ಕೆ ತರುವುದು ನನ್ನ ಪಾಲಿಗೆ ಬಂತು. ಮನೆ ನೋಡುವ ಕ್ರಮವನ್ನು ಮಿಂಗ್ ತನ್ನಪ್ಪನಿಗೆ ಹೇಳಿದ್ದನಂತೆ. ಬರಲಾಗದವರಿಗೆ ಊರನ್ನೇ ಇಲ್ಲಿಗೆ ತಂದಿದ್ದೇನೆ, ನೋಡಿ ಎಂದರು ಟಾವೋ.

ಅಪ್ಪ ನಗಲಿಲ್ಲ. ಕನ್ನಡಕ ಹಾಕಿಕೊಂಡು ಬಾಗಿದರು. “ಬಾವಿ ಎಲ್ಲಿತ್ತ್?”

ಬಾವಿ ಇರಲಿಲ್ಲ, ನಲ್ಲಿ ಇತ್ತು. ಅಪ್ಪನ ಮುಖ ಸಪ್ಪೆಯಾಯಿತು. ಟಾವೋ ಕೈಬಿಡಲಿಲ್ಲ. ಸರೋವರದ ಆಚೆಯ ಜಿಂಗ್‌ದೆಜೆನ್‌ನಿಂದ ಪಿಂಗಾಣಿ ದೋಣಿಗಳಲ್ಲಿ ಬರುತ್ತಿತ್ತು, ಬೆಟ್ಟಗಳಿಂದ ಚಹಾ ಇಳಿಯುತ್ತಿತ್ತು, ಎಲ್ಲ ಜಿಯುಜಿಯಾಂಗ್‌ನಲ್ಲೇ ಹಡಗು ಹತ್ತಬೇಕಿತ್ತು. ಇಂಗ್ಲಿಷರು ನದಿ ದಂಡೆಯಲ್ಲಿ ಜಾಗ ಹಿಡಿದು ದಶಕಗಟ್ಟಲೆ ಕೂತಿದ್ದರು. ಅಲ್ಲಿಂದ ಹೊರಟ ಚಹಾ ಲಂಡನ್ನಿನ ಹಡಗುಕಟ್ಟೆಗಳಿಗೂ ಬರುತ್ತಿತ್ತು. ಈಗ ಹೆಚ್ಚಿನದು ಸಿಮೆಂಟು, ಅದಿರು, ಎಣ್ಣೆ. ತಾವು ದೋಣಿ ನಡೆಸುವುದು ಬಿಟ್ಟ ಮೇಲೆ ಹೆಂಡತಿ ಚಹಾದ ಅಂಗಡಿ ನೋಡಿಕೊಳ್ಳುತ್ತಾಳೆ. ಅದಕ್ಕೇ ಅವಳು ಬರಲಿಲ್ಲ ಎಂದರು.

“ಮಾಲು ಮೊದ್ಲೇ ಬಂದಿತ್ತ್, ಹುಡ್ಗ ಈಗ ಬಂದದ್ದ್,” ಎಂದರು ಅಪ್ಪ. ಇದನ್ನು ನಾನು ಹಾಗೆಯೇ ಹೇಳಿದೆ. ಟಾವೋ ಮೇಜು ತಟ್ಟಿ ನಕ್ಕರು, ಗೋಡಂಬಿಗಳು ಅಲ್ಲಾಡಿದವು.

ಆಮೇಲೆ ಟಾವೋ ಬಿಸಿನೀರಿಗೆ ತಮ್ಮ ಅಂಗಡಿಯ ಎಲೆ ಹಾಕಿ ಅಪ್ಪನ ಮುಂದಿಟ್ಟರು. ಜೀವನವಿಡೀ ಕಾಫಿ ಕುಡಿದ ಅಪ್ಪ ಒಂದು ಗುಟುಕು ಕುಡಿದು ನನ್ನ ಕಡೆ ತಿರುಗಿದರು. “ಇದ್ ಚಾ ಅಲ್ಲ ಮಗಾ, ಸೊಪ್ಪು ತೊಳ್ದ್ ನೀರ್.”

ಬಹಳ ಹಗುರವಾಗಿದೆಯಂತೆ ಎಂದು ಫೋನಿಗೆ ಹೇಳಿದೆ. ಟಾವೋ ಫೋನನ್ನು ನೋಡಲಿಲ್ಲ, ಅಪ್ಪನ ಮುಖವನ್ನೇ ನೋಡುತ್ತಿದ್ದರು.

ಕೊನೆಗೆ ನಾನು ಹೆದರಿದ್ದ ಪ್ರಶ್ನೆಯೇ ಬಂತು. ಅಪ್ಪ ಬೆರಳನ್ನು ಟವೆಲಿನ ಅಂಚಿಗೆ ಇಟ್ಟು ಕೇಳಿದರು: “ಹೊಳಿ ಏರಿರೆ ಮನಿಗೆ ನೀರ್ ಬತ್ತಾ?”

ಟಾವೋ ತುಂಬ ಹೊತ್ತು ಮಾತಾಡಿದರು. ನಾನು ಫೋನಿನ ಪರದೆ ಓದಿದೆ. ತೊಂಬತ್ತೆಂಟರ ನೆರೆಯಲ್ಲಿ ಒಡ್ಡು ಒಡೆದಿತ್ತು; ಅವರ ಮನೆಯ ಕಿಟಕಿಯವರೆಗೆ ನೀರು ನಿಂತಿತ್ತು. ಪುಟ್ಟ ಮಿಂಗ್‌ನನ್ನು ಹೆಗಲ ಮೇಲೆ ಹೊತ್ತು ಬೇರೆ ಕಡೆ ದಾಟಿಸಿದ್ದರು. ನೆರೆ ನುಗ್ಗುವ ಮನೆಗೆ ಅಪ್ಪ ಹೆಣ್ಣು ಕೊಡುವುದಿಲ್ಲ. ಮಿಂಗ್ ವಾಸವಾಗಿರುವುದು ಲಂಡನ್ನಿನಲ್ಲಿ ಎಂದರೂ ಅಪ್ಪನಿಗೆ ಹುಡುಗನ ಮನೆಯೆಂದರೆ ಊರಿನದೇ.

“ದೊಡ್ಡ ಗೋಡೆ ಕಟ್ಟಿದ್ದಾರಂತೆ ಅಪ್ಪಾ,” ಎಂದೆ. ಸುಳ್ಳಲ್ಲ, ಅದೂ ಪರದೆಯಲ್ಲಿತ್ತು.

ತಾವು ಅಷ್ಟುದ್ದ ಹೇಳಿದ್ದು ಇಷ್ಟೇ ಇಷ್ಟಾದದ್ದನ್ನು ಟಾವೋ ಗಮನಿಸಿದರು. ನನ್ನತ್ತ ನೋಡಿ ತಲೆಯಾಡಿಸಿದರು, ಮಕ್ಕಳಿಗೆ ಬೇಡ ಎನ್ನುವ ಹಾಗೆ. ನೀರಿನ ಲೋಟ ಎತ್ತಿ ಟವೆಲಿನ ಮೇಲೆ ನಿಧಾನವಾಗಿ ಸುರಿದರು. ಎರಡು ಚಮಚಗಳನ್ನು ತಾವೇ ಸರಿಸಿ ದಾರಿ ಮಾಡಿಕೊಟ್ಟರು. ನೀರು ಅತ್ತ ನುಗ್ಗಿ, ಅವರ ಮನೆಯಾಗಿದ್ದ ಏಲಕ್ಕಿಯನ್ನು ಎತ್ತಿಕೊಂಡು ಮೇಜಿನ ತುದಿಗೆ ಹೋಯಿತು.

ಅಪ್ಪ ನೆಟ್ಟಗೆ ಕೂತರು. ಆಗ ಇವರೇನು ಮಾಡಿದರು, ಕೇಳು ಎಂದು ನನಗೆ ಹೇಳಿದರು.

ಟಾವೋ ಒಂದು ಗೋಡಂಬಿ ತೆಗೆದು ಚಮಚಗಳ ನಡುವಿನ ಸಂದಿಗೆ ಒತ್ತಿದರು. ಇನ್ನೊಂದು, ಮತ್ತೊಂದು. ಒಡೆದ ಜಾಗ ಮುಚ್ಚಲು ದೋಣಿಗಳನ್ನೇ ಅಲ್ಲಿ ಮುಳುಗಿಸಿದ್ದರಂತೆ. ಮೂರನೆಯ ಗೋಡಂಬಿಯನ್ನು ಮುಟ್ಟಿ, ಬೆರಳನ್ನು ತಮ್ಮ ಎದೆಗೆ ತಂದರು. ಅದು ಅವರು ನಡೆಸುತ್ತಿದ್ದ ದೋಣಿ.

ಈ ಬಾರಿ ನಾನು ಒಂದು ಮಾತನ್ನೂ ಬಿಡದೆ ಹೇಳಿದೆ.

ಅಪ್ಪ ಹರೆಯದಲ್ಲಿ ಗಂಗೊಳ್ಳಿಯಿಂದ ಹೆಂಚು ಸಾಗಿಸುವ ದೋಣಿಯಲ್ಲಿದ್ದವರು. ಆ ಗೋಡಂಬಿಯನ್ನು ತಾವೂ ಒಮ್ಮೆ ಮುಟ್ಟಿದರು. ಆಮೇಲೆ ತಣ್ಣಗಾಗಿದ್ದ ಚಹಾವನ್ನು ಎತ್ತಿ ಪೂರ್ತಿ ಕುಡಿದು, ಲೋಟ ಕೆಳಗಿಟ್ಟರು.

“ಈ ಮನಿಗೆ ಹೆಣ್ ಕೊಡ್ಲಕ್ಕ್. ಅಡ್ಡಿಲ್ಲೆ.”

ನಾನು ಫೋನಿಗೆ ಹೇಳುವ ಮೊದಲೇ ಟಾವೋಗೆ ಅರ್ಥವಾಗಿತ್ತು. ಇಬ್ಬರೂ ಒದ್ದೆ ಮೇಜಿನ ಮೇಲೆ ಕೈ ಚಾಚಿ ಹಿಡಿದುಕೊಂಡರು. ನನಗೆ ಅಳು ಬಂತು. ಅವರಿಗೆ ಕಾಣದಿರಲೆಂದು ಟವೆಲ್ ಹಿಂಡಲು ಸಿಂಕಿನ ಕಡೆ ಹೋದೆ.

“ನಾಳೆ ಎಲ್ಲರ್ ಎದ್ರಿಗೆ ನಾನ್ ಮತ್ತೆ ಮೊದ್ಲಿಂದ ಕೇಂತೆ,” ಎಂದರು ಅಪ್ಪ ಬೆನ್ನ ಹಿಂದಿನಿಂದ. “ಒಂದೇ ಸಲಕ್ಕೆ ಒಪ್ಪಿರೆ ಹೆಣ್ಣಿನ್ ಅಪ್ಪನಿಗೆ ಎಂತ ಬೆಲೆ?” ನಾಳೆ ಎಲ್ಲ ಪ್ರಶ್ನೆಗಳನ್ನೂ ಹೊಸದಾಗಿ ಕೇಳುವುದನ್ನು ಟಾವೋಗೂ ತಿಳಿಸಲು ಹೇಳಿದರು. ಅವರು ಗಂಭೀರವಾಗಿ ತಲೆಯಾಡಿಸಿ, ಮೊದಲು ಸ್ವಲ್ಪ ಸಿಟ್ಟಾದಂತೆ ಮಾಡುತ್ತೇನೆ ಎಂದರು.

ಮಧ್ಯಾಹ್ನ ನವ್ಯ ಫೋನ್ ಮಾಡಿದಳು. “ಅಕ್ಕಾ, ಅಪ್ಪ ಏನಾದರೂ ಹೇಳಿದರಾ?”

ಪಕ್ಕದ ಕೋಣೆಯಲ್ಲಿ ಇಬ್ಬರು ಮುದುಕರು ನಾಳೆ ಯಾರು ಎಲ್ಲಿ ಕೂರಬೇಕೆಂದು ಕೈಸನ್ನೆಯಲ್ಲೇ ಜಗಳಾಡುತ್ತಿದ್ದರು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಪ್ಪ ನಾಳೆ ಕನ್ನಡಕ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು ಆ ಮಾತು ಹೇಳುವಾಗ ಇವಳ ಮುಖ ಹೇಗಾಗಬಹುದೆಂದು ನೆನೆದೆ.

ಚಹಾ ಚೆನ್ನಾಗಿಲ್ಲ ಎಂದರು, ಅಷ್ಟೆ. ಒಳ್ಳೆಯ ಸೀರೆ ಉಟ್ಟುಕೊಂಡು ಬಾ ಎಂದೆ. ಫೋನ್ ಇಟ್ಟು ಮೇಜನ್ನು ಇನ್ನೊಮ್ಮೆ ಒರೆಸಿದೆ. ಇವಳಿಗೂ ಇಲ್ಲ, ಶ್ರೀಕಾಂತರಿಗೂ ಇಲ್ಲ. ಬೆಳಿಗ್ಗೆ ನಡೆದದ್ದನ್ನು ಯಾರಿಗೂ ಹೇಳುವುದಿಲ್ಲ ಎಂದುಕೊಂಡೆ.