ಮೂಲೆಯಲ್ಲಿದ್ದ ತಾರೀಖು

ಅಕ್ಕ ಹಲ್ಲು ಕೀಳಿಸಿಕೊಳ್ಳಲು ಹೋದ ದಿನವೇ ತಮ್ಮನಿಗೆ ಕಂಪ್ಯೂಟರಿನ ಮೇಲೆ ಕೈಯಾಡಿಸುವ ಭಾಗ್ಯ ಸಿಕ್ಕಿತು. ಇಬ್ಬರದೂ ಸೇರಿ ಒಂದು ಕಸೂತಿ ಅಂಗಡಿ. ಸಮವಸ್ತ್ರಗಳ ಎದೆಯ ಮೇಲೆ ಹೆಸರು ಹೊಲಿಯುವುದು ಕಸುಬು. ಹೊಲಿಯುವ ಯಂತ್ರ ತಮ್ಮನ ಸುಪರ್ದಿ, ಹೆಸರುಗಳಿಗೆ ಡಿಸೈನ್ ಮಾಡುವ ಮುದಿ ಕಂಪ್ಯೂಟರ್ ಅಕ್ಕನದು. ಬೆಳಿಗ್ಗೆ ಮೊದಲು ಬಂದು ಅವಳೇ ಅದನ್ನು ಆನ್ ಮಾಡಬೇಕು, ಬೇರೆಯವರು ಮುಟ್ಟಿದರೆ ಮುಗಿಯಿತು ಕಥೆ. ಎಲ್ಲ ಅವಳ ಶಿಸ್ತು ಎಂದು ತಮ್ಮ ನಂಬಿದ್ದ. ಅವನು ಒಮ್ಮೆ ಟಿಕೆಟ್ ಇಲ್ಲದೆ ಬಸ್ಸಿನಲ್ಲಿ ಬಂದದ್ದಕ್ಕೆ ಮೂರು ದಿನ ಮಾತು ಬಿಟ್ಟವಳು!

ಹೋದ ತಿಂಗಳು ಹೆಸರುಗಳ ಪಟ್ಟಿ ತರಲು ಒಯ್ದ ಇವರ ಪೆನ್‌ಡ್ರೈವ್‌ನಿಂದ, ಸಮವಸ್ತ್ರ ಕೊಡುವ ಆಸ್ಪತ್ರೆಯ ಕಂಪ್ಯೂಟರಿಗೆ ವೈರಸ್ ಹತ್ತಿ ದೊಡ್ಡ ರಾದ್ಧಾಂತವಾಗಿತ್ತು. ಇವತ್ತು ನಾಲ್ಕಕ್ಕೆ ಅಲ್ಲಿಯ ಗುಮಾಸ್ತೆ ಬಂದು ನೋಡುತ್ತಾಳೆ. ಆಂಟಿವೈರಸ್ ಅಪ್‌ಡೇಟ್ ಆಗಿರಬೇಕು, ಹೊಸ ಹೆಸರಿನ ಒಂದು ಸ್ಯಾಂಪಲ್ಲನ್ನು ಕಣ್ಣೆದುರು ಹೊಲಿದು ಕೊಡಬೇಕು. ಉಳಿದಿದ್ದ ದೊಡ್ಡ ಗಿರಾಕಿ ಅದೊಂದೇ. ಅದೂ ಕೈತಪ್ಪಿದರೆ ಅಂಗಡಿಗೆ ಬೀಗ.

"ನಾನು ಬಂದು ನೋಡ್ತೀನಿ, ನೀನು ಮೂಗು ತೂರಿಸ್ಬೇಡ" ಎಂದು ಹೇಳಿಯೇ ಅಕ್ಕ ಹೋಗಿದ್ದಳು. ಆದರೆ ಗಂಟೆ ಎರಡಾಯಿತು, ಅವಳ ಸುಳಿವಿಲ್ಲ.

ತಮ್ಮ ಕೂತ. ಅಪ್‌ಡೇಟ್ ಒತ್ತಿದ, ವಿಫಲ. ನೆಟ್ ಕೇಬಲ್ ಕಿತ್ತು ಚುಚ್ಚಿದ, ವಿಫಲ. ಬೇಡದ ಫೈಲುಗಳನ್ನೆಲ್ಲ ಅಳಿಸಿ ಜಾಗ ಮಾಡಿದ. ಆಫ್ ಮಾಡಿ ಆನ್ ಮಾಡಿದ. ಅದು ಎಚ್ಚರಾಗುವಷ್ಟರಲ್ಲಿ ಅವನಿಗೇ ತೂಕಡಿಕೆ ಬಂತು. ಕೊನೆಗೆ ತಲೆ ಕೆರೆದುಕೊಳ್ಳುತ್ತ ಪರದೆಯ ಮೂಲೆ ನೋಡಿದರೆ, ಅಲ್ಲಿ ಒಂಬತ್ತು ವರ್ಷ ಹಿಂದಿನ ತಾರೀಖು!

"ಅಯ್ಯೋ ಮುದುಕಪ್ಪ, ಇಷ್ಟೇನಾ ನಿನ್ನ ಕಾಯಿಲೆ?" ಎಂದು ನಕ್ಕು ಇವತ್ತಿನ ತಾರೀಖು ಹಾಕಿದ. ಅಪ್‌ಡೇಟ್ ಸರಾಗವಾಗಿ ಇಳಿಯಿತು, ಹಸಿರು ಗುರುತು ಬಂತು. ಅವನ ಜಂಭಕ್ಕೆ ಮಿತಿಯೇ ಇಲ್ಲ.

ಸ್ಯಾಂಪಲ್ ಮಾಡೋಣವೆಂದು ಕಸೂತಿಯ ಪ್ರೋಗ್ರಾಂ ತೆರೆದ. "ಮೂವತ್ತು ದಿನಗಳ ಉಚಿತ ಬಳಕೆ ಮುಗಿದಿದೆ" ಎಂದಿತು.

ಗಡಿಬಿಡಿಯಲ್ಲಿ ಹಳೆಯ ತಾರೀಖನ್ನೇ ತಿರುಗಿ ಹಾಕಿದ. ಒಮ್ಮೆ ನಿಜವಾದ ತಾರೀಖು ಕಂಡ ಪ್ರೋಗ್ರಾಂ ಜಪ್ಪಯ್ಯ ಅನ್ನಲಿಲ್ಲ. ಆಗ ಹೊಳೆಯಿತು. ದಿನಾ ಬೆಳಿಗ್ಗೆ ಅಕ್ಕ ಮೊದಲು ಬರುತ್ತಿದ್ದದ್ದು ಇದಕ್ಕೇ. ಒಂಬತ್ತು ವರ್ಷ, ದಿನಾ, ಮೂವತ್ತು ದಿನ ಮುಗಿಯದಂತೆ ತಾರೀಖನ್ನು ಹಿಂದೆ ತಳ್ಳಿ ಆ ಪ್ರೋಗ್ರಾಮಿಗೆ ಟೋಪಿ ಹಾಕಿದ್ದಳು. ಯಾರು? ಬಸ್ ಟಿಕೆಟ್ಟಿನ ಅಕ್ಕ! ಆರ್ಡರ್ ಹೋಗುವುದಕ್ಕಿಂತ ಇದೇ ಅವನಿಗೆ ಹೆಚ್ಚು ಚುಚ್ಚಿತು.

ಬಾಯಿಯಲ್ಲಿ ಹತ್ತಿ ಕಚ್ಚಿಕೊಂಡು ಅಕ್ಕ ಬಂದಳು. ಪರದೆ ನೋಡಿದಳು, ತಮ್ಮನ ಮುಖ ನೋಡಿದಳು. ಚೀಲ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

"ಕೊಳ್ಳೋಣ ಅಂತಾನೇ ಇದ್ದೆ" ಎಂದು ರಸೀದಿಯ ಬೆನ್ನಿಗೆ ಬರೆದಳು. ಅದರ ಕೆಳಗೆ, "ಪ್ರತಿ ವರ್ಷಾನೂ."

ಅವನು ಬಾಯಿ ತೆರೆಯುವ ಮೊದಲೇ ಗುಮಾಸ್ತೆ ಬಾಗಿಲಲ್ಲಿದ್ದಳು. ಬಗ್ಗಿ ಹಸಿರು ಗುರುತು ನೋಡಿ ತಲೆಯಾಡಿಸಿದಳು. "ಇದು ಸರಿಯಾಗಿದೆ. ಸ್ಯಾಂಪಲ್ ಹೊಲೀರಿ."

"ಮೇಡಂ, ಯಂತ್ರ ಸ್ವಲ್ಪ ಕೆಟ್ಟಿದೆ, ನಾಳೆ..." ತಮ್ಮ ತೊದಲಿದ. ಅಕ್ಕನ ಮಾನ ಉಳಿಸಲು ಅವನಿಗೆ ತೋಚಿದ್ದು ಅಷ್ಟೇ.

ಅಕ್ಕ ಹತ್ತಿಯನ್ನು ತೆಗೆದು ಅಂಗೈಯಲ್ಲಿ ಹಿಡಿದಳು.

"ಯಂತ್ರ ಚೆನ್ನಾಗಿದೆ. ನಾವು ಪ್ರೋಗ್ರಾಮಿಗೆ ದುಡ್ಡು ಕೊಟ್ಟಿಲ್ಲ. ಒಂಬತ್ತು ವರ್ಷದಿಂದ ಮೋಸ ಮಾಡಿದ್ದು ನಾನು. ಇವನಿಗೆ ಗೊತ್ತಿರ್ಲಿಲ್ಲ."

ಗುಮಾಸ್ತೆ ಕೈಲಿದ್ದ ಹೆಸರುಗಳ ಪಟ್ಟಿಯನ್ನು ಮಡಚಿ ಚೀಲದೊಳಗೆ ಹಾಕಿಕೊಂಡು ಹೊರಟುಹೋದಳು.

ಅಕ್ಕ ಕಂಪ್ಯೂಟರಿನ ಮುಂದೆ ಕೂತು ಆ ಮೂಲೆಯ ಮೇಲೆ ಕ್ಲಿಕ್ ಮಾಡಿದಳು.

"ಇವತ್ತು ತಾರೀಖು ಎಷ್ಟೋ?"

ತಮ್ಮ ಹೇಳಿದ. ಅವಳು ಒಂದೊಂದೇ ಅಂಕಿಯನ್ನು ಒತ್ತಿದಳು.